ಅಳತೆ ಪುಸ್ತಕ ನೆನೆದ ಮೇಲೆ

ಗಾಳಿ ಬೀಸಿದ್ದು ಅರ್ಧ ಗಂಟೆ ಅಷ್ಟೇ. ಅಷ್ಟರಲ್ಲೇ ಟೈಲರ್ ಅತ್ತೆಯ ಅಂಗಡಿಯ ಮೇಲಿನ ತಗಡುಗಳು ತರಗೆಲೆಗಳಂತೆ ಹಾರಿ ಬೀದಿಯ ಕೊನೆಯ ಚರಂಡಿಗೆ ಬಿದ್ದವು. ಹಿಂದೆಯೇ ಮಳೆ ಧೋ ಎಂದು ಸುರಿಯಿತು.

ಮರುದಿನ ಬೆಳಿಗ್ಗೆ ಅತ್ತೆ ಬಾಗಿಲು ತೆಗೆದರೆ, ಜನ ಹೊಲಿಯಲು ಕೊಟ್ಟಿದ್ದ ಬಟ್ಟೆಗಳೆಲ್ಲ ಕೆಸರಿನಲ್ಲಿ ಮುದ್ದೆಯಾಗಿದ್ದವು. ಅದಕ್ಕಿಂತ ಹೆಚ್ಚು ಕರುಳು ಹಿಂಡಿದ್ದು ಅಳತೆ ಪುಸ್ತಕ. ಇಪ್ಪತ್ತೆರಡು ವರ್ಷಗಳಿಂದ ಇಡೀ ಬೀದಿಯ ಎದೆ, ಸೊಂಟ, ತೋಳುಗಳನ್ನು ಬರೆದಿಟ್ಟಿದ್ದ ಪುಸ್ತಕವದು. ಶಾಯಿಯೆಲ್ಲ ಕರಗಿ ನೀಲಿ ನೀರಾಗಿತ್ತು.

ಹೇಳಿದ ದಿನಕ್ಕಿಂತ ಮೊದಲೇ ಬಟ್ಟೆ ಕೇಳಲು ಬಂದವರ ನೀರಿಳಿಸಿ ಕಳಿಸುವ ಬಾಯಿ ಅತ್ತೆಯದು. ಆವತ್ತು ಅವಳು ನೆನೆದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಒದ್ದೆ ಮೆಷಿನ್ನಿನ ಮುಂದೆ ಸುಮ್ಮನೆ ಕೂತುಬಿಟ್ಟಳು.

ಮೊದಲು ಬಂದವರು ಎದುರುಮನೆಯ ನಿವೃತ್ತ ಮೇಷ್ಟ್ರು.

"ನಿಮ್ ಪ್ಯಾಂಟ್ ಬಟ್ಟೆ ಹಾಳಾಯ್ತು ಮೇಷ್ಟ್ರೇ," ಎಂದಳು ಅತ್ತೆ, ತಲೆ ಎತ್ತದೆ.

"ಅದು ಹಾಳಾಗ್ಲಿ ಬಿಡಮ್ಮ. ನೀನು ಏನಾದ್ರೂ ತಿಂದ್ಯಾ?"

ಅವರ ಹಿಂದೆಯೇ ಪಕ್ಕದ ಮನೆಯ ನರ್ಸಮ್ಮ, ಅವಳ ಹಿಂದೆ ಇನ್ನೂ ಏಳೆಂಟು ಹೆಂಗಸರು. ಯಾವ ಬಟ್ಟೆ ಯಾರದೆಂದು ನೋಡದೆ ಕೈಗೆ ಸಿಕ್ಕಷ್ಟನ್ನು ಬಾಚಿಕೊಂಡು ಒಗೆಯಲು ಹೋದರು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಎಲ್ಲ ಮಹಡಿಗಳಲ್ಲೂ ಅತ್ತೆಯ ಅಂಗಡಿಯೇ ಒಣಗುತ್ತಿತ್ತು.

ಅಷ್ಟರಲ್ಲಿ ಮೂಲೆ ಅಂಗಡಿಯ ವೆಲ್ಡರ್ ಏಣಿ ಹೊತ್ತು ಬಂದ. ಅವನಿಗೂ ಅತ್ತೆಗೂ ಆರು ವರ್ಷಗಳಿಂದ ಮಾತಿಲ್ಲ. ಅವನ ಕೆಲಸದ ಕಿಡಿ ಹಾರಿ ಅವಳ ಗಿರಾಕಿಯೊಬ್ಬರ ಸೀರೆ ತೂತಾಗಿತ್ತು. ಇವಳು ಬೈದಳು, ಅವನು ತಪ್ಪಾಯ್ತು ಅನ್ನಲಿಲ್ಲ. ಈಗ ಬಂದವನೇ ಏಣಿ ಇಟ್ಟು ಹತ್ತಿದ. ಚರಂಡಿಯಿಂದ ಎತ್ತಿ ತಂದಿದ್ದ ತಗಡುಗಳನ್ನು ತಟ್ಟಿ ನೆಟ್ಟಗೆ ಮಾಡಿ, ಒಂದೊಂದನ್ನೇ ಬಿಗಿದ.

ಕೆಳಗೆ ನರ್ಸಮ್ಮ ಹೊಸ ನೋಟ್‌ಬುಕ್ ತೆರೆದಳು. "ಮೊದ್ಲು ನನ್ನದೇ ಬರ್ಕೊಳ್ಳಿ ಅತ್ತೆ."

ನೋಡನೋಡುತ್ತ ಸಾಲು ಬೆಳೆಯಿತು. ಮೇಷ್ಟ್ರು ಉಸಿರು ಬಿಗಿಹಿಡಿದು ನಿಂತಾಗ ಅತ್ತೆಗೆ ತಡೆಯಲಾಗಲಿಲ್ಲ.

"ಉಸಿರು ಬಿಡಿ ಮೇಷ್ಟ್ರೇ! ಪುಸ್ತಕ ಹೋದ್ರೇನು, ನಿಮ್ ಹೊಟ್ಟೆ ನಂಗೆ ಬಾಯಿಪಾಠ."

ಬೀದಿಗೆ ಬೀದಿಯೇ ನಕ್ಕಿತು.

ಕೆಲಸ ಮುಗಿಸಿದ ವೆಲ್ಡರ್ ಮೆಲ್ಲಗೆ ಏಣಿ ಎತ್ತಿಕೊಂಡ.

"ಏಯ್, ಎಲ್ಲಿಗೆ? ನೀನು ಹಾಕ್ಕೊಂಡಿರೋ ಪ್ಯಾಂಟ್ ಯಾವ ಪುಣ್ಯಾತ್ಮ ಹೊಲಿದಿದ್ದು? ಒಂದು ಕಾಲು ಉದ್ದ, ಒಂದು ಗಿಡ್ಡ. ಬಾ ಇಲ್ಲಿ."

"ಅತ್ತೆ, ಆವತ್ತು ಆ ಸೀರೆ..."

"ಕೈ ಎತ್ತು," ಎಂದಳು. ಅವನ ಸೊಂಟಕ್ಕೆ ಟೇಪು ಸುತ್ತಿದಳು. "ನೀನು ಬರದಿದ್ರೆ ಅಂಗಡಿ ಮುಚ್ಚಿಬಿಡ್ತಿದ್ದೆ ಕಣೋ."

"ಮುಚ್ಚೋಕೆ ಯಾರು ಬಿಡ್ತಿದ್ರು ನಿನ್ನ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಳತೆ ಬರೆದಳು.

ಮುಂದಿನ ಎರಡು ವಾರ ಮೆಷಿನ್ನು ನಿಲ್ಲಲಿಲ್ಲ. ಕೆಲವು ಬಟ್ಟೆಗಳ ಕೆಸರಿನ ಕಲೆ ಏನು ಮಾಡಿದರೂ ಹೋಗಲಿಲ್ಲ. ಆದರೆ ಒಬ್ಬರೂ ವಾಪಸ್ ತರಲಿಲ್ಲ. ಮೇಷ್ಟ್ರಂತೂ ಕಲೆಯ ಪ್ಯಾಂಟನ್ನೇ ಹಾಕಿಕೊಂಡು ದಿನಾ ವಾಕಿಂಗ್ ಹೊರಟರು.