ಮೂರು ಗುಂಡಿ

ಹೈಸ್ಕೂಲಿನಲ್ಲಿ ಅವಳಿಗೆ ‘ಎಕ್ಸ್‌ಪ್ರೆಸ್ ಮೇಡಂ’ ಎಂದು ಹೆಸರಿಟ್ಟದ್ದು ಯಾವ ಬ್ಯಾಚಿನ ಮಕ್ಕಳೋ ಯಾರಿಗೂ ನೆನಪಿಲ್ಲ. ಹೆಸರು ಮಾತ್ರ ಇಪ್ಪತ್ತೆರಡು ವರ್ಷ ಅಂಟಿಕೊಂಡಿತ್ತು. ಹತ್ತನೇ ತರಗತಿಯ ಗಣಿತವನ್ನು ಬೇರೆಯವರು ವರ್ಷವಿಡೀ ಎಳೆದಾಡಿದರೆ ಅವಳು ಐದು ತಿಂಗಳಲ್ಲಿ ಮುಗಿಸಿ, ಉಳಿದ ದಿನವೆಲ್ಲ ಪರೀಕ್ಷೆಯ ಮೇಲೆ ಪರೀಕ್ಷೆ ಕೊಟ್ಟು ಮಕ್ಕಳ ಬೆವರಿಳಿಸುತ್ತಿದ್ದಳು. ಬೋರ್ಡಿನ ಮುಂದೆ ನಿಂತ ಹುಡುಗ ಒಂದು ಕ್ಷಣ ತಡವರಿಸಿದರೂ ಸಾಕು, ಅವನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ತಾನೇ ಬಿಡಿಸಿ ಮುಗಿಸುತ್ತಿದ್ದಳು. ಮನೆಯಲ್ಲೂ ಅದೇ ಓಟ. ಹಾಲು ಕೂಡ ಅವಳಿಗೆ ಹೆದರಿ ಬೇಗ ಉಕ್ಕುತ್ತದೆ ಎಂದು ಗಂಡ ನಗೆಯಾಡುತ್ತಿದ್ದ.

ಗಂಡ ಟೈಲರ್. ಮನೆಯ ಕೆಳಗಿನ ಕೋಣೆಯೇ ಅಂಗಡಿ. ಅವಳು ಎಷ್ಟು ಚುರುಕೋ ಅವನು ಅಷ್ಟೇ ನಿಧಾನಸ್ಥ. ಒಂದು ಕಾಲರ್ ಕೂರಿಸಲು ಅರ್ಧ ದಿನ ತೆಗೆದುಕೊಳ್ಳುತ್ತಿದ್ದ. ಗಿರಾಕಿಗಳು ಬಂದು ‘ಯಾವಾಗ ಕೊಡ್ತೀರಿ?’ ಎಂದು ಕೂಗಾಡಿದರೆ ತಲೆಯೆತ್ತದೆ ‘ಆಯ್ತು, ಆಯ್ತು’ ಎನ್ನುತ್ತಿದ್ದ. ಆಗಿರುತ್ತಿರಲಿಲ್ಲ. ಆದರೂ ಯಾರೂ ಬೇರೆ ಅಂಗಡಿ ಹುಡುಕಿಕೊಂಡು ಹೋಗುತ್ತಿರಲಿಲ್ಲ, ಅವನು ಹೊಲಿದ ಅಂಗಿ ಮೈಮೇಲೆ ಹಾಗೆ ಕೂರುತ್ತಿತ್ತು. ಮಕ್ಕಳಾಗಲಿಲ್ಲ. ಆ ಬಗ್ಗೆ ಇಬ್ಬರೂ ಒಂದಷ್ಟು ವರ್ಷ ನೊಂದು, ಆಮೇಲೆ ಸುಮ್ಮನಾದರು.

ಒಂದು ಮಧ್ಯಾಹ್ನ ಬಟ್ಟೆ ಕತ್ತರಿಸುತ್ತಿದ್ದವನ ಕೈಯಿಂದ ಕತ್ತರಿ ಜಾರಿತು. ಅದನ್ನು ಎತ್ತಿಕೊಳ್ಳಲು ಬಗ್ಗಿದವನು ಮೇಲೇಳಲಿಲ್ಲ. ಆಸ್ಪತ್ರೆಯಿಂದ ಹದಿನೆಂಟು ದಿನಕ್ಕೆ ಮನೆಗೆ ಕರೆತಂದಾಗ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತೂ ಹೋಗಿತ್ತು. ಇಡೀ ಆಯುಷ್ಯದ ಮಾತಿನಲ್ಲಿ ಒಂದೇ ಒಂದು ಪದ ನಾಲಗೆಗೆ ಅಂಟಿ ಉಳಿದಿತ್ತು: ‘ಆಯ್ತು.’ ಹಸಿವಾದರೂ ಆಯ್ತು, ಹೊಟ್ಟೆ ತುಂಬಿದರೂ ಆಯ್ತು, ನೋವಿಗೂ ಆಯ್ತು.

ಅವಳು ಎದೆಗುಂದಲಿಲ್ಲ. ಲೆಕ್ಕ ಬಿಡಿಸುವ ಹಾಗೆ ದಿನವನ್ನು ಬಿಡಿಸಿಟ್ಟಳು. ಆರಕ್ಕೆ ಮುಖ ತೊಳೆಸುವುದು, ಆರೂವರೆಗೆ ಸ್ನಾನ, ಏಳಕ್ಕೆ ತಿಂಡಿ, ಏಳೂಕಾಲಿಗೆ ಬಟ್ಟೆ. ಅಂಗಿ ತೊಡಿಸಲು ಅವಳಿಗೆ ಎರಡು ನಿಮಿಷ ಸಾಕಿತ್ತು. ಎಂಟಕ್ಕೆ ಎದುರುಮನೆಯ ರಿಟೈರಾದ ನರ್ಸಮ್ಮ ಬಂದು ಅವನ ಜೊತೆ ಕೂರುತ್ತಿದ್ದಳು, ಇವಳು ಬಸ್ಸಿಗೆ ಓಡುತ್ತಿದ್ದಳು. ‘ಮೇಡಂ ಗಂಡನ್ನ ಅಂಗೈಯಲ್ಲಿಟ್ಟು ನೋಡ್ಕೋತಾರೆ’ ಎಂದು ಬೀದಿಯೆಲ್ಲ ಹೊಗಳಿತು. ಅವಳು ಕೇಳುತ್ತಿದ್ದಳು, ‘ಸರಿಯಾಗಿದೆಯೇನ್ರೀ?’ ಅವನು ‘ಆಯ್ತು’ ಎನ್ನುತ್ತಿದ್ದ. ಅದನ್ನು ಅವಳು ಒಪ್ಪಿಗೆ ಎಂದೇ ತಿಳಿದಳು.

ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅವನು ಗೋಡೆ ನೋಡುತ್ತಾ ಕೂರುವುದು ಕಲಿತ. ವ್ಯಾಯಾಮ ಮಾಡಿಸಲು ಬರುತ್ತಿದ್ದವನು ಒಂದು ದಿನ ಅವನ ಎಡಗೈಯನ್ನು ಎತ್ತಿ ನೋಡಿ ಹುಬ್ಬು ಗಂಟಿಕ್ಕಿದ. ‘ಮೇಡಂ, ಇದು ಚೆನ್ನಾಗಿರೋ ಕೈ. ಇದೂ ಸೋಲ್ತಾ ಇದೆ. ಇದಕ್ಕೆ ಕೆಲಸಾನೇ ಕೊಡ್ತಿಲ್ವಾ?’

‘ಎಲ್ಲಾ ನಾನೇ ಮಾಡ್ತೀನಲ್ಲ!’ ಎಂದಳು ಅವಳು, ತುಸು ಹೆಮ್ಮೆಯಿಂದಲೇ.

ಮರುದಿನ ಬೆಳಿಗ್ಗೆ ಅವನು ಎಡಗೈಯಿಂದ ಚಮಚವನ್ನು ತಳ್ಳಿದ. ತಿಂಡಿ ಅವಳ ಸೀರೆಯ ಮೇಲೆ ಚೆಲ್ಲಿತು. ‘ನಂಗೆ ಟೈಮಿಲ್ಲ ಕಣ್ರೀ!’ ಎಂದು ಕಿರುಚಿದಳು. ಅವನು ಅತ್ತ. ಗಂಡಸು ಅಳುವುದನ್ನು, ಅದರಲ್ಲೂ ದನಿಯಿಲ್ಲದೆ ಬಾಯಿ ಸೊಟ್ಟಗೆ ಮಾಡಿಕೊಂಡು ಅಳುವುದನ್ನು ಅವಳು ಅದೇ ಮೊದಲು ನೋಡಿದ್ದು.

ಬೇಸಿಗೆ ರಜೆಗೆ ನಾದಿನಿ ಬಂದಳು. ಗಂಡನಿಗಿಂತ ಹತ್ತು ವರ್ಷ ಚಿಕ್ಕವಳು, ಮಾಂಟೆಸ್ಸರಿ ಶಾಲೆಯಲ್ಲಿ ಮೂರು ನಾಲ್ಕು ವರ್ಷದ ಮಕ್ಕಳಿಗೆ ಪಾಠ ಹೇಳುವವಳು. ಎಕ್ಸ್‌ಪ್ರೆಸ್ ಮೇಡಂಗೆ ಆ ಕೆಲಸದ ಬಗ್ಗೆ ಅಂಥಾ ಗೌರವವೇನೂ ಇರಲಿಲ್ಲ. ಕಾಳನ್ನು ಈ ಬಟ್ಟಲಿನಿಂದ ಆ ಬಟ್ಟಲಿಗೆ ಸುರಿಯುವುದೂ ಒಂದು ಪಾಠವೇ? ನಾದಿನಿ ಎರಡು ದಿನ ಸುಮ್ಮನೆ ನೋಡಿದಳು. ಮೂರನೆಯ ದಿನ ಚೀಲದಿಂದ ಒಂದು ಮರದ ಚೌಕಟ್ಟು ತೆಗೆದಳು. ಅದಕ್ಕೆ ಬಿಗಿದ ಎರಡು ಬಟ್ಟೆಯ ಪಟ್ಟಿ, ನಡುವೆ ಐದು ದೊಡ್ಡ ಗುಂಡಿ. ಚಿಕ್ಕಮಕ್ಕಳು ಗುಂಡಿ ಹಾಕುವುದು, ಬಿಚ್ಚುವುದು ಕಲಿಯುವ ಸಾಮಾನು.

‘ಊರಿನವರ ಅಂಗಿಗೆಲ್ಲ ಗುಂಡಿ ಹೊಲಿದ ಮನುಷ್ಯನಿಗೆ ಇದನ್ನ ಕೊಡ್ತೀಯೇನೇ?’ ಎಂದು ಅವಳು ಸಿಡುಕಿದಳು.

ನಾದಿನಿ ಅಣ್ಣನ ಪಕ್ಕದಲ್ಲಿ ಕೂತು, ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯೊಂದರಿಂದಲೇ ಮೊದಲ ಗುಂಡಿಯನ್ನು ಓರೆ ಮಾಡಿ, ತೂರಿಸಿ, ಆಚೆ ಎಳೆದಳು. ನಿಧಾನ ಎಂದರೆ ಅಷ್ಟು ನಿಧಾನ. ಒಂದೂ ಮಾತಿಲ್ಲ. ಅದಕ್ಕಾಗಿ ಎರಡು ದಿನ ಕದ್ದು ಅಭ್ಯಾಸ ಮಾಡಿಕೊಂಡಿದ್ದಳಂತೆ.

ಅವನು ಚೌಕಟ್ಟನ್ನು ಹತ್ತಿರ ಎಳೆದುಕೊಂಡು, ಗುಂಡಿಯನ್ನು ಬಿಟ್ಟು, ಅದು ತೂರುವ ಕಾಜಾದ ಅಂಚನ್ನು ಹೆಬ್ಬೆರಳಿನಿಂದ ಸವರಿದ. ಹೊಲಿಗೆ ಸಡಿಲವಾಗಿ ದಾರ ಎದ್ದಿತ್ತು. ಅವನ ಮುಖ ಹುಳಿ ತಿಂದಂತಾಯಿತು. ‘ಆಯ್ತು!’ ಎಂದ, ಇದನ್ನು ಯಾವ ದಡ್ಡ ಹೊಲಿದದ್ದು ಎನ್ನುವ ಹಾಗೆ. ನಾದಿನಿ ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ. ನಾಲ್ಕು ತಿಂಗಳ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಆವತ್ತು.

ಆಮೇಲೆ ಅವನು ಗುಂಡಿಗೆ ಕೈ ಹಾಕಿದ. ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಅವಳ ಕೈ ತಾನಾಗಿ ಮುಂದೆ ಹೋಯಿತು.

‘ಅತ್ತಿಗೆ, ಕೈ ಕಟ್ಕೊಳ್ಳಿ.’

‘ಒಂದು ಚೂರು ಹಿಡ್ಕೊಟ್ರೆ...’

‘ಬೇಡ ಅತ್ತಿಗೆ.’

ಅವಳು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು ಕೂತಳು. ಐದು ಗುಂಡಿಗೆ ನಲವತ್ತು ನಿಮಿಷ ಹಿಡಿಯಿತು. ಆ ನಲವತ್ತು ನಿಮಿಷದಲ್ಲಿ ಅವಳ ಬೆನ್ನೆಲ್ಲ ಬೆವರಿತು.

‘ಇದನ್ನೆಲ್ಲ ಟ್ರೇನಿಂಗಲ್ಲಿ ಹೇಳ್ಕೊಟ್ರಾ?’ ಎಂದು ಸಂಜೆ ಕೇಳಿದಳು.

‘ಟ್ರೇನಿಂಗ್‌ಗಿಂತ ಮುಂಚೆ ಅಣ್ಣನೇ ಹೇಳ್ಕೊಟ್ಟಿದ್ದ,’ ಎಂದಳು ನಾದಿನಿ. ‘ನಂಗೆ ನಾಲ್ಕು ವರ್ಷ. ಸೂಜಿಗೆ ದಾರ ನಾನೇ ಪೋಣಿಸ್ತೀನಿ ಅಂತ ಹಟ. ಅಮ್ಮ ಎರಡು ಬಿಟ್ಟು ಓಡಿಸಿದ್ರು. ಅಣ್ಣ ಮಿಷನ್ ನಿಲ್ಲಿಸಿ ಎದುರಿಗೆ ಕೂತ. ಎಷ್ಟು ಹೊತ್ತು ಕೂತಿದ್ದನೋ ಗೊತ್ತಿಲ್ಲ. ಒಂದು ಸಲಾನೂ ಕೈ ಹಾಕಲಿಲ್ಲ, ಬೈಯಲಿಲ್ಲ. ದಾರ ಹೋದಾಗ ನಾನೇ ರಾಣಿ ಅನ್ನಿಸ್ತು. ನಾನು ಈ ಕೆಲಸಕ್ಕೆ ಬಂದಿದ್ದೇ ಅದಕ್ಕೆ ಅತ್ತಿಗೆ. ನಮ್ಮ ಪಕ್ಕ ಹಾಗೆ ಒಬ್ರು ಕೂತಿದ್ರೆ ಎಷ್ಟು ಧೈರ್ಯ ಇರುತ್ತೆ ಅಂತ ನಂಗೊತ್ತು.’

ಇವಳು ಅವನ ಜೊತೆ ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ್ದಳು. ಗಂಡನ ನಿಧಾನವನ್ನು ಅವಳು ಸೋಮಾರಿತನದ ತಮ್ಮ ಎಂದುಕೊಂಡಿದ್ದಳೇ ಹೊರತು, ಅದು ಇನ್ನೊಬ್ಬರಿಗೆ ಧೈರ್ಯ ಕೊಟ್ಟೀತು ಎಂದು ಎಂದೂ ಯೋಚಿಸಿರಲಿಲ್ಲ.

ಹನ್ನೊಂದನೆಯ ದಿನ ಅವನು ತನ್ನ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಂಡ. ಒಂದು ಕಾಜಾ ತಪ್ಪಿತ್ತು. ಅವಳು ಬಾಯಿ ತೆರೆದಳು, ನಾದಿನಿ ಕಣ್ಣಲ್ಲೇ ಬೇಡ ಎಂದಳು. ಕೆಳಗಿನ ಗುಂಡಿಗೆ ಬಂದಾಗ ಕಾಜಾ ಸಾಲದೆ ಅವನಿಗೇ ತಪ್ಪು ತಿಳಿಯಿತು. ಎಲ್ಲವನ್ನೂ ಬಿಚ್ಚಿ, ಉಸಿರು ತೆಗೆದುಕೊಂಡು, ಮೇಲಿನಿಂದ ಶುರು ಮಾಡಿದ. ಮುಗಿದಾಗ ಬೆನ್ನು ನೆಟ್ಟಗೆ ಮಾಡಿ, ಟ್ರಯಲ್ ನೋಡಲು ಬಂದ ಗಿರಾಕಿಯ ಹಾಗೆ ಕನ್ನಡಿ ನೋಡಿಕೊಂಡ.

ರಜೆ ಮುಗಿದು ನಾದಿನಿ ಹೋದಳು. ಇವಳು ಅಲಾರಮ್ಮನ್ನು ಒಂದು ಗಂಟೆ ಮುಂಚಿತವಾಗಿಟ್ಟಳು. ಬೆಳಿಗ್ಗೆ ಅವನು ಗುಂಡಿ ಹಾಕಿಕೊಳ್ಳುವಾಗ ಎದುರಿಗೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಮೊದಮೊದಲು ಮನಸ್ಸಿನಲ್ಲಿ ಮಗ್ಗಿ ಹೇಳಿಕೊಳ್ಳುತ್ತಿದ್ದಳು, ಆಮೇಲೆ ಅದೂ ಬೇಕಾಗಲಿಲ್ಲ. ಅವನ ಬೆರಳುಗಳನ್ನು ಅವಳು ಅಷ್ಟು ಹೊತ್ತು ಯಾವತ್ತೂ ನೋಡಿರಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ತೋರುಬೆರಳಿನ ತುದಿ ಜಡ್ಡುಗಟ್ಟಿತ್ತು. ಏಳು ವಾರ ಹೀಗೆ ನಡೆಯಿತು. ಮದುವೆಯಾದ ಮೇಲೆ ಅವರಿಬ್ಬರೂ ನಿಜವಾಗಿ ಜೊತೆಗೆ ಕೂತಿದ್ದು ಆ ಏಳು ವಾರ ಮಾತ್ರ ಎಂದು ಅವಳು ಆಮೇಲೆ ಹೇಳುತ್ತಿದ್ದಳು.

ಎಂಟನೆಯ ವಾರ ಶಾಲೆಗೆ ಇನ್‌ಸ್ಪೆಕ್ಷನ್ ಬಂತು. ಎಂಟು ಗಂಟೆಗೇ ಹಾಜರಿರಬೇಕು, ನರ್ಸಮ್ಮನನ್ನೂ ಬೇಗ ಬರಹೇಳಿದ್ದಳು. ಅವನು ನಾಲ್ಕು ಗುಂಡಿ ಹಾಕಿದ್ದ, ಇನ್ನೂ ಮೂರು ಬಾಕಿಯಿದ್ದವು. ಕೆಳಗೆ ಆಟೋದವನು ಹಾರ್ನ್ ಒತ್ತಿದ. ‘ಇವತ್ತೊಂದಿನ ರೀ’ ಎಂದು ಅವನ ಕೈಯನ್ನು ಪಕ್ಕಕ್ಕೆ ಸರಿಸಿ, ಪಟಪಟನೆ ಮೂರನ್ನೂ ಹಾಕಿದಳು. ಹತ್ತು ಸೆಕೆಂಡೂ ಹಿಡಿಯಲಿಲ್ಲ. ಅವನು ‘ಆಯ್ತು’ ಎಂದ. ಅವಳು ಮೆಟ್ಟಿಲಿಳಿದು ಓಡಿದಳು.

ಒಂಬತ್ತು ಗಂಟೆಗೆ ಫೋನ್ ಬಂತು. ಅವಳು ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮತ್ತೊಮ್ಮೆ ಲಕ್ವ ಹೊಡೆದಿತ್ತು, ಈ ಸಲ ಅವಕಾಶವನ್ನೇ ಕೊಡಲಿಲ್ಲ.

ನರ್ಸಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು ಹೇಳಿದಳು: ‘ಏನೂ ಒದ್ದಾಡಲಿಲ್ಲಮ್ಮ. ನೀವು ಹೋದ್ಮೇಲೆ ಕೆಳಗಿನ ಮೂರು ಗುಂಡಿ ಬಿಚ್ಕೊಂಡ್ರು. ಸೆಖೆಯೇನೋ ಅಂತ ಫ್ಯಾನ್ ಹಾಕಿದೆ. ಇಲ್ಲ, ತಿರುಗಾ ಹಾಕ್ಕೊಳ್ತಾ ಕೂತ್ರು. ಎರಡು ಹಾಕಿದ್ರು ನೋಡಿ, ಹಾಗೇ ಪಕ್ಕಕ್ಕೆ ಒರಗಿಬಿಟ್ರು.’

ಕೊನೆಯ ಗುಂಡಿ ತೆರೆದೇ ಇತ್ತು. ಅವಳು ಹಾಕಲು ಕೈ ಚಾಚಿದಳು. ಚಾಚಿದ ಕೈಯನ್ನು ಹಾಗೇ ಹಿಂದಕ್ಕೆಳೆದುಕೊಂಡಳು.

ಶಾಲೆಗೆ ಮರಳಿದಳು. ಆದರೆ ಬೋರ್ಡಿನ ಮುಂದೆ ಹುಡುಗನೊಬ್ಬ ತಡವರಿಸಿ ನಿಂತರೆ ಅವಳೂ ನಿಂತುಬಿಡುತ್ತಿದ್ದಳು. ಗಂಟೆ ಹೊಡೆಯುತ್ತಿತ್ತು, ಲೆಕ್ಕ ಅರ್ಧದಲ್ಲಿರುತ್ತಿತ್ತು. ಪಾಠ ಹಿಂದೆ ಬಿತ್ತು. ಹೆಡ್‌ಮಾಸ್ಟರು ಕರೆದು ಮೆದುವಾಗಿಯೇ ಹೇಳಿದರು, ‘ಮೇಡಂ, ಎಕ್ಸ್‌ಪ್ರೆಸ್ಸು ಪ್ಯಾಸೆಂಜರ್ ಆದ್ರೆ ಹೇಗೆ?’ ವರ್ಷ ಮುಗಿಸಿ ಕೆಲಸ ಬಿಟ್ಟಳು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಮಾಂಟೆಸ್ಸರಿ ತರಬೇತಿಗೆ ಅರ್ಜಿ ಹಾಕಿದಳು.

ಅಲ್ಲಿ ತರಬೇತಿ ಕೊಡುವ ಹಿರಿಯಳನ್ನು ಎಲ್ಲರೂ ‘ದೊಡ್ಡ ಆಂಟಿ’ ಎನ್ನುತ್ತಿದ್ದರು. ಬೆಳ್ಳಿಕೂದಲು, ಮೊಳಕಾಲೆತ್ತರದ ಕುರ್ಚಿಯಲ್ಲಿ ಮಕ್ಕಳ ಹಾಗೇ ಕೂತವಳು. ಎಲ್ಲರಿಗೂ ಒಂದೇ ಪ್ರಶ್ನೆ: ಯಾಕೆ ಈ ಕೆಲಸ? ಇವಳಿಗಿಂತ ಮುಂಚೆ ಬಂದ ಹುಡುಗಿ ‘ಮಕ್ಕಳೆಂದರೆ ನನಗೆ ಪ್ರಾಣ’ ಎಂದು ಹೇಳಿಹೋದಳು.

‘ನೀವು ಮಕ್ಕಳಿಲ್ಲ ಅಂತ ಬಂದ್ರಾ?’ ಎಂದಳು ದೊಡ್ಡ ಆಂಟಿ, ಅರ್ಜಿ ನೋಡುತ್ತಾ.

‘ಅಲ್ಲ. ನಿಜ ಹೇಳ್ಬೇಕು ಅಂದ್ರೆ ನಂಗೆ ಮಕ್ಕಳೆಂದ್ರೆ ಅಷ್ಟಕ್ಕಷ್ಟೇ,’ ಎಂದಳು ಅವಳು. ಆಮೇಲೆ ಆ ಬೆಳಗಿನ ಕಥೆಯನ್ನು ಒಂದೂ ಬಿಡದೆ ಹೇಳಿದಳು. ಅಲ್ಲಿಯವರೆಗೆ ನಾದಿನಿಗೂ ಹೇಳಿರಲಿಲ್ಲ.

ದೊಡ್ಡ ಆಂಟಿ ಅರ್ಜಿಯನ್ನು ಪಕ್ಕಕ್ಕಿಟ್ಟಳು. ‘ಒಂದು ವಿಷಯ ಈಗಲೇ ಹೇಳ್ತೀನಮ್ಮ. ಆ ಮೂರು ಗುಂಡಿ ನಿಮಗೆ ಇಲ್ಲಿ ಯಾರೂ ವಾಪಸ್ ಕೊಡಲ್ಲ. ಮಕ್ಕಳು ನಿಮ್ಮ ದುಃಖಕ್ಕೆ ಔಷಧಿ ಅಲ್ಲ.’

‘ಗೊತ್ತು.’

‘ಮತ್ತೆ?’

‘ಇನ್ನೊಬ್ಬರ ಕೆಲಸ ಕಿತ್ಕೊಳ್ಳದೆ ಪಕ್ಕದಲ್ಲಿ ಕೂರೋದು ಏಳು ವಾರ ಬಂದಿತ್ತು. ಅದು ಮರೆತುಹೋಗೋಕೆ ಮುಂಚೆ ಎಲ್ಲಾದ್ರೂ ಕೂರಬೇಕು ನಂಗೆ.’

ತರಬೇತಿ ಮುಗಿದು, ನಾದಿನಿಯ ಶಾಲೆಯಲ್ಲೇ ಕೆಲಸ ಸಿಕ್ಕಿತು. ತಗ್ಗು ಕಪಾಟುಗಳು, ಸುರುಳಿ ಸುತ್ತಿಟ್ಟ ಚಾಪೆಗಳು, ನಿಜವಾದ ಗಾಜಿನ ಲೋಟಗಳು. ಲೋಟ ಒಡೆದರೆ ಬೈಗುಳವಿಲ್ಲ, ಗುಡಿಸುವ ಪೊರಕೆ ಎಲ್ಲಿದೆ ಎಂಬುದು ಮಕ್ಕಳಿಗೇ ಗೊತ್ತು. ಕೂತು ಏಳುವಾಗ ಅವಳ ಮಂಡಿ ನೋಯುತ್ತಿತ್ತು. ಕೆಲವು ದಿನ ಮಗುವೊಂದು ಜಗ್ಗಿನಿಂದ ನೀರು ಸುರಿಯುವುದನ್ನು ನೋಡುತ್ತಾ ಅವಳಿಗೆ ಎಲ್ಲವೂ ಮರೆತುಹೋಗುತ್ತಿತ್ತು. ಕೆಲವು ದಿನ ಏನೂ ಮರೆಯುತ್ತಿರಲಿಲ್ಲ.

ಮಳೆಗಾಲದ ಒಂದು ಮಧ್ಯಾಹ್ನ, ಮೂರು ವರ್ಷದ ಹುಡುಗಿ, ‘ಗುಬ್ಬಿ’ ಎಂದು ಎಲ್ಲರೂ ಕರೆಯುತ್ತಿದ್ದವಳು, ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತಿದ್ದಳು. ಒಂದು ಆಗಿತ್ತು. ಇನ್ನೊಂದರಲ್ಲಿ ಹಿಮ್ಮಡಿ ಸಿಕ್ಕಿಕೊಂಡಿತ್ತು. ನಾಲಗೆ ಹೊರಗಿಟ್ಟುಕೊಂಡು ಎಳೆಯುತ್ತಿದ್ದಳು. ಇವಳು ಪಕ್ಕದಲ್ಲಿ ಕೂತಿದ್ದಳು. ಅಷ್ಟರಲ್ಲಿ ಗುಬ್ಬಿಯ ಅಮ್ಮ ಒದ್ದೆ ಛತ್ರಿ ಹಿಡಿದು ಒಳಗೆ ನುಗ್ಗಿದಳು, ಕುತ್ತಿಗೆಯಲ್ಲಿ ಆಫೀಸಿನ ಕಾರ್ಡು ನೇತಾಡುತ್ತಿತ್ತು.

‘ಬೇಗ ಹಾಕ್ಬಿಡಿ ಆಂಟಿ, ಅರ್ಧ ಗಂಟೆ ಪರ್ಮಿಶನ್ನಲ್ಲಿ ಬಂದಿದ್ದೀನಿ.’

‘ಎರಡೇ ನಿಮಿಷ ಕೂತ್ಕೊಳ್ಳಮ್ಮ. ಆಗ್ತಾ ಇದೆ.’

‘ಎರಡು ನಿಮಿಷ ಇಲ್ಲ ನನ್ನ ಹತ್ರ!’ ಎಂದು ಆಕೆ ಮಗುವನ್ನು ಕಂಕುಳಿಗೆ ಎತ್ತಿಕೊಂಡು ನಡೆದೇಬಿಟ್ಟಳು. ‘ನಾನೇ! ನಾನೇ!’ ಎಂದು ಗುಬ್ಬಿಯ ಚೀರಾಟ ಗೇಟಿನವರೆಗೂ ಹೋಯಿತು.

ಕಾಲಿನಿಂದ ಜಾರಿ ಬಿದ್ದ ಶೂ ಹಿಡಿದು ಇವಳು ಮಳೆಯಲ್ಲೇ ಓಡಿದಳು. ಆಟೋ ಹೊರಡುವುದರಲ್ಲಿತ್ತು. ಆಡಬೇಕಾದ ಮಾತುಗಳೆಲ್ಲ ನಾಲಗೆಯ ತುದಿಯಲ್ಲಿದ್ದವು. ಆದರೆ ಒಳಗೆ ಕೂತ ತಾಯಿಯ ಕಣ್ಣೂ ತುಂಬಿದ್ದನ್ನು ಕಂಡು ಒಂದನ್ನೂ ಆಡಲಾಗಲಿಲ್ಲ. ಶೂ ಕೊಟ್ಟು, ‘ಹುಷಾರಾಗಿ ಹೋಗ್ಬನ್ನಿ’ ಎಂದಷ್ಟೇ ಹೇಳಿದಳು. ಆಟೋ ತಿರುವಿನಲ್ಲಿ ಮರೆಯಾಗುವವರೆಗೆ ಗೇಟು ಹಿಡಿದು ನಿಂತಳು.

ತೊಯ್ದು ತೊಪ್ಪೆಯಾಗಿ ಬಂದವಳನ್ನು ನಾದಿನಿ ಬಾಗಿಲಲ್ಲಿ ತಡೆದಳು. ‘ಯಾಕೆ ಅತ್ತಿಗೆ, ಏನಾಯ್ತು?’

ಎರಡು ವರ್ಷದಿಂದ ಜನರ ಮುಂದೆ ಅಳದಿದ್ದವಳು ಆವತ್ತು ಬಾಗಿಲ ಬಳಿಯ ಮಕ್ಕಳ ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾದಿನಿ ಯಾಕೆಂದು ಮತ್ತೆ ಕೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವಳ ಒದ್ದೆ ಭುಜಕ್ಕೆ ಭುಜ ತಾಗಿಸಿ ಕೂತಳು. ಒಳಗಿನ ಕೋಣೆಯಲ್ಲಿ ಮನೆಯವರು ಇನ್ನೂ ಬಾರದ ನಾಲ್ಕು ಮಕ್ಕಳು ಚಾಪೆ ಸುತ್ತುತ್ತಿದ್ದರು. ಹೊರಗೆ ಮಳೆ ಬಿಡುವ ಲಕ್ಷಣ ಇರಲಿಲ್ಲ.