ಬಾಟಲಿಯೊಳಗಿನ ಎಂಜಲು

"ಉಗಿಯೇ, ಹಂದಿ ಮುಂಡೇದೇ! ಬಾಯೊಳಗೇನು ಮುತ್ತು ಬಚ್ಚಿಟ್ಕಂಡಿದ್ದೀಯಾ?"

ಕೋಚ್ ಮಾ ಬೂಟುಗಾಲಿನಿಂದ ಬಾಟಲಿಯನ್ನು ಹೆರಾನ್‌ಳತ್ತ ತಳ್ಳಿದ. ಅವಳ ಮೈಗೆ ಬೆವರಿಳಿಸುವ ಪ್ಲಾಸ್ಟಿಕ್ ಅಂಗಿ, ಬಾಯಲ್ಲಿ ಹುಳಿ ಚೂಯಿಂಗ್ ಗಮ್. ಬೆಳಗಿನಿಂದ ಅಗಿದಗಿದು ಉಗಿದ ಎಂಜಲು ಬಾಟಲಿಯಲ್ಲಿ ಅರ್ಧಕ್ಕೆ ನೊರೆಗಟ್ಟಿ ನಿಂತಿತ್ತು. ಉಗಿದಷ್ಟೂ ತೂಕ ಇಳಿಯಬೇಕು; ಐವತ್ತೇಳು ಕಿಲೋ ದಾಟಿದರೆ ಆ ವರ್ಗದ ಜೂಡೋ ಕಣಕ್ಕೆ ಇಳಿಸುವುದಿಲ್ಲ.

"ಬತ್ತಾ ಇಲ್ಲ ಸಾರ್. ನಾಲಗೆ ಒಣಗೋಗದೆ."

"ನಿಮ್ಮವ್ವ ಬಂದರಲ್ಲಿ ಬೊಂಡಾಸ್ ಮೀನಿನ ಕರುಳು ಕೀಳ್ತಾಳಲ್ಲ, ಅಂಗೇ ನಿಂದೂ ಕೀಳ್ಲಾ? ತೂಕ ತಾನೇ ಇಳೀತದೆ."

ತಂಡದ ಹುಡುಗಿಯರು ನಕ್ಕರು. ನಗದಿದ್ದರೆ ಮುಂದಿನ ಸರದಿ ಅವರದು.

ಹೆರಾನ್ ಅರವತ್ತಮೂರು ಕಿಲೋ ಮೈಯವಳು. ತಂಡದಲ್ಲಿ ಆ ತೂಕದ ಜಾಗ ಶಾಲೆಯ ಒಡೆಯನ ಮಗಳದು. ಆಕೆ ಮೂಲೆಯಲ್ಲಿ ಕೂತು ಅನ್ನದ ಸುರುಳಿ ಮೆಲ್ಲುತ್ತಿದ್ದಳು. ಹಾಗಾಗಿ ಹೆರಾನ್ ಕರಗಬೇಕಿತ್ತು. ಕರಗಿದಳು. ಮುಟ್ಟು ನಿಂತಿತು, ನಿದ್ದೆ ಹಾರಿತು. ಎದುರಾಳಿಯ ಕೊರಳಪಟ್ಟಿ ಹಿಡಿದರೆ ಬೆರಳು ಜಾರುತ್ತಿದ್ದವು. ಕಳೆದ ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಅಂಗಾತ ಬಿದ್ದಿದ್ದಳು. "ಮನಸಿಗೇ ಕೊಬ್ಬು ನಿಂಗೆ" ಎಂದು ಕೋಚ್ ಅವಳ ನೆತ್ತಿಯನ್ನು ನೆಲಕ್ಕೂರಿಸಿ, ಕೈ ಬೆನ್ನಿಗಿಡಿಸಿ, ಬಿಲ್ಲಿನಂತೆ ನಿಲ್ಲಿಸಿದ್ದ. ಇವತ್ತು ಗೆದ್ದರೆ ಕಾಲೇಜು. ಇಲ್ಲವೆಂದರೆ ಅವ್ವನ ಪಕ್ಕದಲ್ಲಿ ಬಂದರಿನ ಕತ್ತಿ.

ಬಾಯೆಂಬುದು ಮೈಯ ಬಾವಿ ಮಗಾ, ಅದು ಬತ್ತಿದರೆ ಒಳಗಿನ ಕಪ್ಪೆ ಊರು ಬಿಡ್ತದೆ ಎಂದು ಅಜ್ಜಿ ಕತೆ ಹೇಳುತ್ತಿದ್ದಳು. ಹೆರಾನ್‌ಳ ಕಪ್ಪೆ ಎಂದೋ ಗಂಟುಮೂಟೆ ಕಟ್ಟಿತ್ತು.

ತೂಕದ ಕೋಣೆಯಲ್ಲಿ ಕ್ರೀಡಾ ಸಂಘದ ಸಾಹೇಬ ಕ್ಯಾಮೆರಾ ಹಿಡಿದು ಕಾದಿದ್ದ. ಗೋಡೆಯ ಮೇಲೆ ಬ್ಯಾನರು: 'ಮನಸ್ಸು ಹಗುರ, ಗೆಲುವು ಹತ್ತಿರ.'

"ಬಾರವ್ವ, ಒಸಿ ನಗು. ಟೆನ್ಷನ್ ಮಾಡ್ಕಬಾರದು ನೀವು."

ನಗಲು ಹೋದಳು. ತುಟಿ ಬಿರಿದು ರಕ್ತ ಜಿನುಗಿತು.

"ಒರೆಸ್ಕಳೇ, ಫೋಟೋದಾಗೆ ಕಾಣ್ತದೆ." ಸಾಹೇಬ ಕ್ಯಾಮೆರಾ ಇಳಿಸಿದ.

ಬಾಟಲಿ ಹಿಡಿದೇ ಬಂದಿದ್ದವಳು ಅದನ್ನು ಕಾಲ ಬಳಿ ಇಟ್ಟು ತಕ್ಕಡಿ ಹತ್ತಿದಳು. ಐವತ್ತೇಳಕ್ಕೆ ಕೂದಲೆಳೆಯಷ್ಟು ಕಮ್ಮಿ.

"ನೋಡಿದ್ರಾ ಸಾಹೇಬ್ರೇ! ನನ್ ಕೈಗೆ ಸಿಕ್ರೆ ಹಂದೀನೂ ಜಿಂಕೆ ಮಾಡ್ತೀನಿ!"

ತೂಕ ಕೊಡುವ ಗಡುವು ಮುಗಿಯುತ್ತಿತ್ತು, ಮತ್ತೆ ಹತ್ತಲು ಹೊತ್ತಿರಲಿಲ್ಲ. ತೂಕ ಬರೆಯುವ ಹೆಂಗಸು ಪೆನ್ನೆತ್ತಿದಳು.

"ಒಂದ್ ಗಳಿಗೆ ತಡೀರಕ್ಕ."

ಹೆರಾನ್ ಬಗ್ಗಿ ಬಾಟಲಿ ಎತ್ತಿದಳು. ಮುಚ್ಚಳ ತೆಗೆದು ಗಟಗಟ ಕುಡಿದಳು. ಲೋಳೆ ಎಳೆಎಳೆಯಾಗಿ ಗಂಟಲಿಗಿಳಿಯಿತು. ಒಂದು ಹನಿಯನ್ನೂ ಕಕ್ಕಲಿಲ್ಲ.

"ಥೂ! ಏನೇ ಅದು ಅಸಹ್ಯ!" ಸಾಹೇಬ ಮೂಗು ಮುಚ್ಚಿಕೊಂಡ.

"ನಂದೇ ಸಾರ್. ವಾಪಸ್ ಇಸ್ಕಂಡೆ."

ಖಾಲಿ ಬಾಟಲಿ ಕೋಚಿನ ಬೂಟಿಗೆ ಹೋಗಿ ಬಡಿಯಿತು. ತಕ್ಕಡಿಯ ಅಂಕಿ ಅಲ್ಲಾಡಿ, ಐವತ್ತೇಳನ್ನು ದಾಟಿ, ನಿಂತಿತು.

"ಬರೀಬ್ಯಾಡಿ! ಇಳಿಯೇ ಬೋಳಿ, ಇಳಿಯೇ ಕೆಳಕ್ಕೆ!"

"ಬರ್ಕಳಿ ಅಕ್ಕ."

ಎರಡೂ ಪಾದ ಊರಿ ನಿಂತ ಹೆರಾನ್ ಕ್ಯಾಮೆರಾದತ್ತ ತಿರುಗಿ, ಸಾಹೇಬ ಕೇಳಿದ್ದ ನಗು ನಕ್ಕಳು. ಹಲ್ಲಿನ ಸಂದಿಯಿಂದ ನೊರೆ ಇಳಿಯುತ್ತಿತ್ತು.