ಆಯಿಲ್ ಇಲ್ಲದ ಸುತ್ತು

ಉರುಕುಂದಪ್ಪನಿಗೆ ಇಂಜಿನ್ನುಗಳ ಮೇಲಿದ್ದ ನಂಬಿಕೆ ಮನುಷ್ಯರ ಮೇಲೆ ಇರಲಿಲ್ಲ. ಮನುಷ್ಯ ಹೊಟ್ಟೆಯಲ್ಲಿ ಒಂದಿಟ್ಟುಕೊಂಡು ಬಾಯಲ್ಲಿ ಇನ್ನೊಂದು ಆಡುತ್ತಾನೆ, ಇಂಜಿನ್ನಿಗೆ ಆ ಬುದ್ಧಿ ಇನ್ನೂ ಬಂದಿಲ್ಲ ಎಂಬುದು ಅವನ ವಾದ. ಆದೋನಿಯ ಹೊಳಗುಂದ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷ ಮೊಪೆಡ್ಡು, ನೀರಿನ ಪಂಪು, ಹತ್ತಿಗೆ ಔಷಧಿ ಹೊಡೆಯುವ ಮಿಷಿನ್ನು ಬಿಚ್ಚಿ ಜೋಡಿಸಿದ ಕೈ ಅದು. ಆ ಕೈಗೆ ವಿಠಲ ಒಂದು ದಿನ ಆಕಾಶಕ್ಕೆ ಹಾರುವ ಇಂಜಿನ್ ತಂದುಕೊಟ್ಟ.

ವಿಠಲ ಆಚಾರ್ಯರ ಮನೆಯವನು. ಅವನ ಮನೆತನದಲ್ಲಿ ಎಲ್ಲರೂ ಮಡಿ, ಮಂತ್ರ, ಕಚೇರಿ ಅಂದುಕೊಂಡು ನೆಲದ ಮೇಲೆಯೇ ಬಾಳಿದವರು. ಇವನೊಬ್ಬ ಪುಣೆಯ ಕಡೆ ಹೋಗಿ ಪ್ಯಾರಾಮೋಟರ್ ಹಾರಿಸುವುದು ಕಲಿತು ಬಂದ. ಬೆನ್ನಿಗೆ ಇಂಜಿನ್ನು, ಅದರ ಹಿಂದೆ ಆಳೆತ್ತರದ ಫ್ಯಾನು, ಫ್ಯಾನಿನ ಸುತ್ತ ಬಲೆ, ತಲೆಯ ಮೇಲೆ ಬಟ್ಟೆಯ ರೆಕ್ಕೆ. ಹತ್ತು ಹೆಜ್ಜೆ ಓಡಿದರೆ ಕಾಲು ನೆಲ ಬಿಡುತ್ತಿತ್ತು. ಸೀರೆ ಅಂಗಡಿಯ ಬ್ಯಾನರನ್ನು ಬಾಲದಂತೆ ಕಟ್ಟಿಕೊಂಡು ಊರ ಮೇಲೆ ಸುತ್ತಿದರೆ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದ ಹೆಂಗಸರು ಕೈ ಬೀಸುತ್ತಿದ್ದರು. ವಿಠಲನೂ ಬೀಸುತ್ತಿದ್ದ. ಯಾರು ಕೈ ಎತ್ತಿದರೂ ತಿರುಗಿ ಕೈ ಎತ್ತದೆ ಮುಂದೆ ಹೋದವನಲ್ಲ.

ಅವನ ಮೊದಲಿನ ಇಂಜಿನ್ ಟೂ-ಸ್ಟ್ರೋಕಿನದು. ಪೆಟ್ರೋಲಿಗೇ ಆಯಿಲ್ ಬೆರೆಸುವುದು. ಪೆಟ್ರೋಲ್ ಇದ್ದರೆ ಆಯಿಲೂ ಇದ್ದಂತೆ. ಹೋದ ವರ್ಷ ಅದನ್ನು ಕೊಟ್ಟು ಫೋರ್-ಸ್ಟ್ರೋಕ್ ತಂದ. ಸದ್ದು ಕಡಿಮೆ, ಪೆಟ್ರೋಲ್ ಕಡಿಮೆ, ತೂಕ ಮಾತ್ರ ಹೆಚ್ಚು. ಇದಕ್ಕೆ ಆಯಿಲ್ ಬೇರೆಯೇ ಹೊಟ್ಟೆಯಲ್ಲಿರಬೇಕು, ಹಾರುವ ಮುಂಚೆ ಪ್ರತಿ ಸಲ ಕಡ್ಡಿ ಹಾಕಿ ನೋಡಬೇಕು ಎಂದು ಉರುಕುಂದಪ್ಪ ಹೇಳಿ ಹೇಳಿ ಸೋತ.

"ನೀವು ನೋಡೀರಲ್ಲ ಅಣ್ಣಾ, ಮತ್ತ ನಾ ಏನು ನೋಡ್ಲಿ?" ಅನ್ನುತ್ತಿದ್ದ ವಿಠಲ.

"ನನ್ನ ಮ್ಯಾಲ ಅಷ್ಟು ಭಾರ ಹಾಕಬ್ಯಾಡ್ರಿ ಆಚಾರ್ರೆ."

"ಏಮಿ ಕಾದು ಅಣ್ಣಾ, ಏನೂ ಆಗಂಗಿಲ್ಲ."

ಕೊನೆಗೆ ಉರುಕುಂದಪ್ಪನೇ ಒಂದು ಪದ್ಧತಿ ಮಾಡಿದ. ಕೆಲಸ ಅರ್ಧಕ್ಕೆ ನಿಂತಿದ್ದರೆ ವೇಗ ಏರಿಸುವ ಹಿಡಿಕೆಗೆ ಕೆಂಪು ಬಟ್ಟೆಯ ತುಂಡು ಕಟ್ಟಿಡುವುದು. ಬಟ್ಟೆ ಇದ್ದರೆ ಮುಟ್ಟಬಾರದು, ಇಲ್ಲದಿದ್ದರೆ ಹಾರಬಹುದು. ಒಂದು ವರ್ಷ ಈ ಪದ್ಧತಿ ಒಂದು ಸಲವೂ ತಪ್ಪಲಿಲ್ಲ. ತಪ್ಪದ್ದರಿಂದಲೇ ಇಬ್ಬರಿಗೂ ಸೊಕ್ಕು ಬಂತು.

ಮಹಾನವಮಿಯ ಬೆಳಿಗ್ಗೆ, ವಿಠಲ ಮಿಷಿನ್ನು ಇಡುತ್ತಿದ್ದ ಮುಚ್ಚಿದ ಹತ್ತಿ ಜಿನ್ನಿಂಗ್ ಮಿಲ್ಲಿನ ಶೆಡ್ಡಿನಲ್ಲಿ ಉರುಕುಂದಪ್ಪ ಹಳೆಯ ಆಯಿಲನ್ನೆಲ್ಲ ಇಳಿಸಿ ಬೋಲ್ಟು ಬಿಗಿದ. ಹೊಸ ಡಬ್ಬಿ ಒಡೆಯಬೇಕು, ಅಷ್ಟರಲ್ಲಿ ವಿಠಲನ ತಾಯಿ ಅನ್ನಪೂರ್ಣಾಬಾಯಿ ಸೊಸೆ ಸುಪ್ರಜಾಳ ಜೊತೆ ಪೂಜೆಯ ಬುಟ್ಟಿ ಹಿಡಿದು ಬಂದರು. ವಿಠಲ ಬಾಳೆಕಂಬ ತರಲು ಪೇಟೆಗೆ ಹೋಗಿದ್ದ.

"ರಾಹುಕಾಲ ಬರ್ತದಪ್ಪ, ಸಾಮಾನೆಲ್ಲ ಪೂಜಿಗಿಡು," ಎಂದರು ಅನ್ನಪೂರ್ಣಾಬಾಯಿ.

ಪಾನಾ, ಸ್ಕ್ರೂಡ್ರೈವರು, ಸುತ್ತಿಗೆ ಎಲ್ಲ ಮಣೆಯ ಮೇಲೆ ಸಾಲಾದವು. ಮುದುಕಿ ಆಯಿಲ್ ಡಬ್ಬಿಯನ್ನೂ ಎತ್ತಿಟ್ಟು ಅದಕ್ಕೂ ಗಂಧ, ಕುಂಕುಮ ಹಚ್ಚಿದರು.

"ಅವ್ವಾರ, ಅದೊಂದು ಬೇಕಾಗಿತ್ರಿ."

"ಪೂಜಿಗಿಟ್ಟಿದ್ದು ನಾಳೆ ಮರುಪೂಜಿ ಆಗೋತನಾ ಮುಟ್ಟಬಾರದು. ಒಂದಿನಕ್ಕ ಏನಾಗ್ತದ?"

ಅದೂ ನಿಜವೇ. ಆಯುಧಪೂಜೆಯ ದಿನ ಪೂಜೆಗಿಟ್ಟ ಪಾನಾ ಮುಟ್ಟದವನು ಉರುಕುಂದಪ್ಪನೂ ಹೌದು. ಅತ್ತೆ ಸೊಸೆ ದೀಪ ಹಚ್ಚುವುದರಲ್ಲಿದ್ದಾಗ ಹಿಡಿಕೆಗೆ ಕೆಂಪು ಬಟ್ಟೆ ಕಟ್ಟಿದ, ಕೈಮುಗಿದ, ತನ್ನ ಅಂಗಡಿಯ ಪೂಜೆಗೆ ನಡೆದ. ವಿಠಲನಿಗೆ ಒಂದು ಫೋನು ಮಾಡಬಹುದಿತ್ತು. ಬಟ್ಟೆ ಕಟ್ಟಿದ ಮೇಲೆ ಮಾತೇಕೆ ಎಂದುಕೊಂಡ.

ಅವನು ಹೋದ ಮೇಲೆ ಆ ಮಿಷಿನ್ನಿಗೆ ಮದುವೆಯ ಹೆಣ್ಣಿನ ಅಲಂಕಾರವಾಯಿತು. ಬಲೆಯ ತುಂಬ ಚೆಂಡುಹೂವು, ನಾಲ್ಕು ಮೂಲೆಗೆ ಕೆಂಪು ರವಿಕೆ ತುಂಡು, ಕೆಂಪು ದಾರ, ನಿಂಬೆಹಣ್ಣು. ಆ ಕೆಂಪಿನ ನಡುವೆ ಉರುಕುಂದಪ್ಪನ ಕೆಂಪನ್ನು ಯಾರು ಗುರುತಿಸಬೇಕು?

ಮರುದಿನ ವಿಜಯದಶಮಿ. ಮರುಪೂಜೆ ಮುಗಿಸಿ ಗಾಡಿಗಳನ್ನು ಒಂದು ಸುತ್ತು ಹೊಡೆಸಿ ತರುವುದು ಎಲ್ಲರ ರೂಢಿ. ಆದರೆ ವಿಠಲನ ಗಾಡಿಯ ರಸ್ತೆ ಮೇಲಿತ್ತು, ಗಾಳಿ ತಣ್ಣಗಿರುವುದು ಬೆಳಿಗ್ಗೆ ಎಂಟರೊಳಗೆ ಮಾತ್ರ. ಹೂವು, ದಾರ ಫ್ಯಾನಿಗೆ ಸಿಕ್ಕರೆ ಅಪಾಯ, ಒಂದೆಳೆಯೂ ಉಳಿಯದಂತೆ ಬಿಚ್ಚು ಎಂದು ಹೆಂಡತಿಗೆ ಹೇಳಿ ರೆಕ್ಕೆ ಹಾಸಲು ಹೋದ. ಸುಪ್ರಜಾ ಗಂಡನ ಜೀವದ ಮೇಲಿನ ಆಸೆಯಿಂದ ಪ್ರತಿ ಗಂಟನ್ನೂ ಹುಡುಕಿ ಹುಡುಕಿ ಬಿಚ್ಚಿದಳು. ಹಿಡಿಕೆಯ ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಬಿಡಿಸಿದಳು.

ಉರುಕುಂದಪ್ಪ ಹೊಸ ಆಯಿಲ್ ಹಾಕಿಬರಲು ಏಳೂವರೆಗೆ ಬೈಕಿನಲ್ಲಿ ಹೊರಟವನು ಮಿಲ್ಲಿನ ಚಿಮಣಿಯ ಮೇಲೆ ರೆಕ್ಕೆ ಕಂಡು ಮೊದಲು ನಕ್ಕ. ಆಮೇಲೆ ಸದ್ದು ಕೇಳಿಸಿತು. ಒಣಗಿದ, ಕಟಕಟ ಅನ್ನುವ ಸದ್ದು. ಬೈಕನ್ನು ಅಲ್ಲೇ ಕೆಡವಿ ಜೋಳದ ಹೊಲಕ್ಕೆ ನುಗ್ಗಿ ಎರಡೂ ಕೈ ಮೇಲೆತ್ತಿ, "ಇಳೀರಿ! ಇಳೀರಿ ಆಚಾರ್ರೆ!" ಎಂದು ಗಂಟಲು ಹರಿಯುವಂತೆ ಕೂಗಿದ.

ಮೇಲಿನವನಿಗೆ ಮಾತು ಕೇಳುವುದುಂಟೇ? ಕೈ ಮಾತ್ರ ಕಂಡಿತು. ವಿಠಲ ತಾನೂ ಕೈ ಬೀಸಿದ. ಇಳಿಯಲು ಹೊರಟಿದ್ದವನು, ಉರುಕುಂದಣ್ಣ ಬಂದಿದ್ದಾನೆ, ಅವನಿಗೂ ತೋರಿಸೋಣ ಎಂದು ಕೆಳಕ್ಕೆ ಬಂದು ಇನ್ನೊಂದು ಸುತ್ತು ಹಾಕಿದ.

ಆ ಸುತ್ತಿನ ಅರ್ಧದಲ್ಲಿ ಆಯಿಲ್ ಇಲ್ಲದೆ ಕಾದ ಇಂಜಿನ್ ಹಿಡಿದುಕೊಂಡಿತು. ಫ್ಯಾನು ಗಕ್ಕನೆ ನಿಂತಿತು. ಎತ್ತರವಿದ್ದಿದ್ದರೆ ರೆಕ್ಕೆಯೇ ತೇಲಿಸಿ ಇಳಿಸುತ್ತಿತ್ತು. ಎತ್ತರವಿರಲಿಲ್ಲ, ಎದುರಿಗೆ ಕರೆಂಟಿನ ತಂತಿ. ತಂತಿ ತಪ್ಪಿಸಲು ಜೋರಾಗಿ ತಿರುಗಿಸಿದ. ರೆಕ್ಕೆ ಒಂದು ಕಡೆ ಮಡಚಿತು. ಕಲ್ಲುಗುಂಡುಗಳ ಮೇಲೆ ಬಿದ್ದ ಸದ್ದು ಉರುಕುಂದಪ್ಪನಿಗೆ ಕೇಳಿಸಲೇ ಇಲ್ಲ. ಅವನಿನ್ನೂ ಕೂಗುತ್ತಲೇ ಇದ್ದ.

ಕರ್ನೂಲಿನ ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ವಿಠಲ ಹೋದ.

ಹದಿಮೂರು ದಿನದ ಕರ್ಮಗಳು ಮುಗಿದವು. ಹದಿನಾಲ್ಕನೆಯ ದಿನ ಸಂಜೆ ನಾಲ್ಕಕ್ಕೆ ಬಂದು ಹೇಳಿಕೆ ಬರೆಸು ಎಂದು ಎಸ್ಸೈ ಕರೆಕಳಿಸಿದ್ದ. ಅದಕ್ಕೆ ಮೊದಲು ಆ ಮನೆಗೆ ಹೋಗಬೇಕು ಅನ್ನಿಸಿತು ಉರುಕುಂದಪ್ಪನಿಗೆ. ಅಷ್ಟೂ ದಿನ ಅವನಿಗೆ ಅನ್ನ ಇಳಿದದ್ದು ಒಂದೇ ಮಾತಿನ ಬಲದಿಂದ: ನಾನು ಬಟ್ಟೆ ಕಟ್ಟಿದ್ದೆ. ಫೋನು ಮಾಡದ್ದು ತಪ್ಪು, ಒಪ್ಪುತ್ತೇನೆ. ಆದರೆ ಬಟ್ಟೆ ಕಟ್ಟಿದ್ದೆ. ಮುಳುಗುವವನಿಗೆ ಹುಲ್ಲುಕಡ್ಡಿ ಅಂತಾರಲ್ಲ, ಅಷ್ಟೇ ಅದು. ಈ ಮಾತನ್ನು ಅವರಿಗೆ ಹೇಳಬೇಕು, ಅವರು ಹೂಂ ಅನ್ನಬೇಕು, ಅಷ್ಟಾದರೆ ಬದುಕಿಕೊಂಡೇನು ಎಂದುಕೊಂಡು ಹೋದ.

ಸುಪ್ರಜಾ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಇಷ್ಟು ದಿನದಲ್ಲಿ ಆಕೆ ಒಂದು ಹನಿ ಕಣ್ಣೀರು ಹಾಕಿಲ್ಲವೆಂದು ಓಣಿಯೆಲ್ಲ ಆಡಿಕೊಳ್ಳುತ್ತಿತ್ತು. ಅವನು ಬಾಯಿ ತೆರೆಯುವ ಮುಂಚೆ ಆಕೆಯೇ ಕೇಳಿದಳು.

"ಅಣ್ಣಾ, ಒಂದು ಮಾತು ಖರೇ ಹೇಳ್ರಿ. ಅವತ್ತು ನಾನ ಎಲ್ಲಾ ಬಿಚ್ಚಿದ್ದು. ರವಿಕಿ ತುಂಡು ನಾಲ್ಕು ಕಟ್ಟಿದ್ದೆ. ಬಿಚ್ಚಿದಾಗ ಐದು ಕೆಂಪು ಬಟ್ಟಿ ಬಂದ್ವು. ಐದನೇದ್ದು ಹಳೇದು, ಪೆಟ್ರೋಲ್ ವಾಸನಿ ಹೊಡೀತಿತ್ತು. ಹಲ್ಲಿಲೆ ಬಿಚ್ಚಿದೆ. ನಿಮ್ಮದೊಂದು ಗುರುತಿನ ಬಟ್ಟಿ ಇರ್ತದಂತ ಆಮ್ಯಾಲ ಕೇಳಿದೆ. ಅದು ಆ ಬಟ್ಟಿ ಏನು?"

ಹೌದು ಎಂಬ ಒಂದೇ ಮಾತು ಸಾಕಿತ್ತು. ಆಕೆಯ ಕಣ್ಣು ಅದನ್ನೇ ಕಾಯುತ್ತಿತ್ತು. ಆ ಹೌದಿನ ಮೇಲೆ ತಾನು ಬದುಕಿಕೊಳ್ಳುತ್ತೇನೆ, ಈಕೆ ಇವತ್ತು ರಾತ್ರಿ ದಾಟುವುದಿಲ್ಲ ಎಂದು ಅವನಿಗೆ ಖಚಿತವಾಗಿ ಗೊತ್ತಾಯಿತು. ಅವನಿಗೆ ತನ್ನ ಮೇಲೆ ಬಹಳ ಕನಿಕರ ಬಂತು. ಆದರೂ ಹೇಳಿದ.

"ಅಲ್ಲ ತಾಯಿ. ಅದು ಕೈ ಒರೆಸೋ ಅರಿವಿ. ಅಲ್ಲೇ ಸುಮ್ನ ಕಟ್ಟಿರ್ತೀನಿ. ಗುರುತಿನ ಬಟ್ಟಿ ನನ್ನ ಅಂಗಡ್ಯಾಗ ಉಳದಿತ್ತು. ಕಟ್ಟಲೇ ಇಲ್ಲ ನಾನು. ಹಬ್ಬದ ಗದ್ದಲದಾಗ ಮರ್ತೆ."

"ಮರ್ತ್ರಿ?"

"ಮರ್ತೆ. ಆಯಿಲ್ ಇಳಿಸಿದ್ದೂ ನಾನ, ಮರ್ತಿದ್ದೂ ನಾನ. ನಿಮ್ಮದೇನೂ ಇಲ್ಲ ಇದ್ರಾಗ."

ಸುಪ್ರಜಾ ಅವನನ್ನೇ ನೋಡಿದಳು. ಆಕೆಯ ಮುಖ ಮೊದಲು ಸಡಿಲವಾಯಿತು, ಆಮೇಲೆ ಕೆಂಪಾಯಿತು. ಹದಿನಾಲ್ಕು ದಿನದ ಅಳು ಒಮ್ಮೆಗೇ ಒಡೆದು ಬಂತು. ಅಳುತ್ತಲೇ ಎದ್ದು ಬಂದು ಎರಡೂ ಕೈಯಿಂದ ಅವನ ಎದೆಗೆ ಗುದ್ದಿದಳು. ಅವನು ಅಲುಗಾಡಲಿಲ್ಲ.

"ನಿಮ್ಮನ್ನ ದೇವರು ಅಂದಿದ್ರಲ್ರಿ ಅವರು! ದೇವರು ಅಂದಿದ್ರು!"

ಒಳಗಿನಿಂದ ಅನ್ನಪೂರ್ಣಾಬಾಯಿ ಕೂಗಿದರು. "ಯಾರು ಬಂದಾರ ಸುಪ್ರಜಾ?"

ಸುಪ್ರಜಾ ಸೆರಗಿನಿಂದ ಮುಖ ಒರೆಸಿಕೊಂಡು ಅವನಿಗೆ ಬಾಗಿಲು ತೋರಿಸಿದಳು.

"ಅವರನ್ನ ಕೊಂದವ ಬಂದಾನ ಅತ್ತೀ," ಎಂದಳು.

ಉರುಕುಂದಪ್ಪ ಚಪ್ಪಲಿ ಮೆಟ್ಟಿಕೊಂಡು ಠಾಣೆಯ ಕಡೆ ನಡೆದ. ನಾಲ್ಕಾಗಲು ಇನ್ನೂ ಹತ್ತು ನಿಮಿಷವಿತ್ತು, ಅಲ್ಲಿಯೂ ಇದೇ ಮಾತನ್ನು ಬರೆಸಬೇಕಿತ್ತು.